ಡೀಸೆಲ್‌ನಲ್ಲಿ ನೀರು, ಆರದ ಲ್ಯಾಂಪು



ಮಳೆಗಾಲ ಹಿಡಿಯಿತೆಂದರೆ ಲಾರಿ ಗ್ಯಾರೇಜುಗಳಲ್ಲಿ ಒಂದು ದೂರು ತಪ್ಪದೆ ಕೇಳಿಬರುತ್ತದೆ. ಮಂಗಳೂರು ಬಂದರಿನಲ್ಲಿ ಲೋಡ್ ತುಂಬಿಕೊಂಡು ಶಿರಾಡಿ ಹತ್ತಿದವರು, ಅಂಕೋಲೆಯಿಂದ ಅರಬೈಲು ಘಾಟಿ ಏರಿ ಹುಬ್ಬಳ್ಳಿ ಕಡೆ ಹೊರಟವರು, ಎಲ್ಲರದೂ ಅದೇ ಮಾತು. ಡೀಸೆಲ್‌ನಲ್ಲಿ ನೀರಿದೆ ಎನ್ನುವ ಲ್ಯಾಂಪು ಹತ್ತಿತು, ಫಿಲ್ಟರ್ ಹಾಕಿಸಿದೆ, ಎರಡು ದಿನ ಸುಮ್ಮನಿತ್ತು, ಮತ್ತೆ ಹತ್ತಿತು. ಮುಂದಿನದು ಊಹಿಸಬಹುದು. ಸೆನ್ಸರ್ ಬದಲಾಗುತ್ತದೆ, ಟ್ಯಾಂಕ್ ಇಳಿಸಿ ತೊಳೆಸಿದ್ದಾಗುತ್ತದೆ, ಎಲೆಕ್ಟ್ರಿಷಿಯನ್ ಬಂದು ಹೋಗುತ್ತಾನೆ. ದುಡ್ಡು ಕರಗುತ್ತದೆ, ಲ್ಯಾಂಪು ಮಾತ್ರ ಆರುವುದಿಲ್ಲ. ಕೊನೆಗೆ ಯಾರೋ ಸೆನ್ಸರಿನ ವೈರನ್ನೇ ಕಿತ್ತು ಟೇಪು ಸುತ್ತಿ ಗಾಡಿ ಕಳಿಸುತ್ತಾರೆ. ಇವತ್ತು ನಾನು ಮಾತಾಡಬೇಕೆಂದಿರುವುದು ಈ ಲ್ಯಾಂಪಿನ ಬಗ್ಗೆ. ಲಾರಿಯವರಿಗೆ ಹೇಗೋ ಹಾಗೆಯೇ ಟ್ರ್ಯಾಕ್ಟರ್, ಟಿಪ್ಪರ್, ಶಾಲಾ ಬಸ್ಸು ನಡೆಸುವವರಿಗೂ ಈ ಮಾತು ಸಲ್ಲುತ್ತದೆ.

ನೀರೆಂದರೆ ಇಷ್ಟು ಹೆದರಬೇಕೇ ಎಂದು ಹಳೆಯ ಡ್ರೈವರುಗಳು ಕೇಳುತ್ತಾರೆ. ಅವರು ಕೇಳುವುದರಲ್ಲಿ ಅರ್ಥವಿದೆ. ಇನ್‌ಲೈನ್ ಪಂಪಿನ ಗಾಡಿಗಳಲ್ಲಿ ನೀರು ಬಂದರೆ ಎಂಜಿನ್ ಮಿಸ್ ಹೊಡೆಯುತ್ತಿತ್ತು, ಎಳೆತ ಬೀಳುತ್ತಿತ್ತು. ಡ್ರೈವರ್ ಇಳಿದು ಫಿಲ್ಟರಿನ ಬೌಲ್ ಖಾಲಿ ಮಾಡಿ, ಹ್ಯಾಂಡ್ ಪಂಪ್ ಒತ್ತಿ ಗಾಳಿ ತೆಗೆದು ಹೊರಟುಬಿಡುತ್ತಿದ್ದ. ಈಗಿನದು ಕಾಮನ್ ರೈಲ್ ಕಾಲ, ಒಂದೇ ಕೊಳವೆಯಿಂದ ಎಲ್ಲ ಇಂಜೆಕ್ಟರುಗಳಿಗೂ ಡೀಸೆಲ್. 2020ರ ಏಪ್ರಿಲ್ 1ರಿಂದ ಬಿಎಸ್ 6 ಹೊಗೆ ನಿಯಮ ಕಡ್ಡಾಯವಾದ ಮೇಲೆ ಬಂದ ಲಾರಿಗಳಲ್ಲಿ ಡೀಸೆಲ್ ಇಂಜೆಕ್ಟರಿಗೆ ಹೋಗುವ ಒತ್ತಡ 1600 ಬಾರ್ ದಾಟುತ್ತದೆ, ಕೆಲವು ಎಂಜಿನ್‌ಗಳಲ್ಲಿ 2000 ಬಾರ್ ಮುಟ್ಟುತ್ತದೆ. ಲಾರಿಯ ಟೈರಿಗೆ ನಾವು ತುಂಬಿಸುವ ಗಾಳಿ 110, 120 ಪೌಂಡ್. ರೈಲಿನೊಳಗೆ 1800 ಬಾರ್ ಎಂದರೆ ಸುಮಾರು 26 ಸಾವಿರ ಪೌಂಡ್. ಆ ಒತ್ತಡ ನಿಲ್ಲಬೇಕಾದರೆ ಪಂಪಿನ ಪ್ಲಂಜರಿಗೂ ಅದರ ಗೂಡಿಗೂ ನಡುವೆ ಬಿಡುವು ಕೆಲವೇ ಮೈಕ್ರಾನ್ ಇರಬೇಕು. ಅಲ್ಲಿ ಜಾರುವಿಕೆಗೆ ಬೇರೆ ಆಯಿಲ್ ಇಲ್ಲ, ಡೀಸೆಲ್ಲೇ ಆಯಿಲ್. ಆ ಜಾಗಕ್ಕೆ ನೀರು ಹೊಕ್ಕರೆ ಉಕ್ಕು ಉಕ್ಕನ್ನು ಉಜ್ಜುತ್ತದೆ. ಗಾಡಿ ನಿಂತ ರಾತ್ರಿ ಅಲ್ಲೇ ತುಕ್ಕು ಹಿಡಿಯುತ್ತದೆ. ಬಿಸಿಯಾದ ನಾಜಲ್ ತುದಿಯಲ್ಲಿ ನೀರು ಆವಿಯಾಗಿ ಸಿಡಿದು ತುದಿಯೇ ಕಿತ್ತುಹೋಗುವುದೂ ಉಂಟು. ಆರು ಇಂಜೆಕ್ಟರು, ಒಂದು ಪಂಪು ಹೋದರೆ ಖರ್ಚು ಲಕ್ಷ ದಾಟುತ್ತದೆ. ಒಂದೇ ಲಾರಿ ನಂಬಿ ಸಾಲದ ಕಂತು ಕಟ್ಟುವವನಿಗೆ ಅದು ಒಂದು ವರ್ಷದ ಬದುಕನ್ನೇ ಅಲುಗಿಸುವ ಪೆಟ್ಟು. ವೈರು ಕಿತ್ತು ಲ್ಯಾಂಪು ಆರಿಸುವವರ ಮೇಲೆ ನನಗೆ ಸಿಟ್ಟು ಬರುವುದು ಇದಕ್ಕೇ.

ಈ ಸೆನ್ಸರ್ ಬಹಳ ಸರಳವಾದ ಸಾಮಾನು. ಚಾಸಿಗೆ ಕೂರಿಸಿದ ಪ್ರೀ ಫಿಲ್ಟರ್, ಅಂದರೆ ನೀರು ಬೇರ್ಪಡಿಸುವ ಸಪರೇಟರ್, ಅದರ ಕೆಳಗೆ ಒಂದು ಬೌಲ್ ಇರುತ್ತದೆ. ಒಂದು ಲೀಟರ್ ಡೀಸೆಲ್ ಸುಮಾರು 830 ಗ್ರಾಂ ತೂಗುತ್ತದೆ, ಒಂದು ಲೀಟರ್ ನೀರು ಒಂದು ಕೆಜಿ. ಹಾಗಾಗಿ ಫಿಲ್ಟರ್ ತಡೆದ ನೀರು ಬೌಲಿನ ತಳಕ್ಕೆ ಇಳಿಯುತ್ತದೆ. ಅಲ್ಲಿ ಎರಡು ಲೋಹದ ಕಡ್ಡಿಗಳಿವೆ. ಡೀಸೆಲ್‌ನಲ್ಲಿ ಕರೆಂಟ್ ಹರಿಯುವುದಿಲ್ಲ, ನೀರಿನಲ್ಲಿ ಹರಿಯುತ್ತದೆ. ನೀರು ಕಡ್ಡಿಗಳ ಮಟ್ಟಕ್ಕೆ ಏರಿ ಕೆಲವು ಸೆಕೆಂಡು ನಿಂತರೆ ಎಂಜಿನ್ ನಿಯಂತ್ರಿಸುವ ಇಸಿಯು ಲ್ಯಾಂಪು ಹತ್ತಿಸುತ್ತದೆ. ಸೆನ್ಸರಿಗೆ ತಿಳಿಯುವುದು ಅಷ್ಟೇ, ಕಡ್ಡಿಗಳ ನಡುವೆ ಕರೆಂಟ್ ಹರಿಯಿತೆಂದು. ಹರಿದದ್ದು ನೀರಿನಿಂದಲೋ, ತಳದಲ್ಲಿ ಕಟ್ಟಿದ ಕಪ್ಪು ಲೋಳೆಯಿಂದಲೋ, ಕನೆಕ್ಟರಿನೊಳಗೆ ಹೊಕ್ಕ ಮಳೆಹನಿಯಿಂದಲೋ ಅದಕ್ಕೆ ತಿಳಿಯದು. ಅದನ್ನು ತಿಳಿಯಬೇಕಾದವರು ನಾವು.

ತಿಳಿಯುವ ದಾರಿ ಒಂದು ಖಾಲಿ ಬಾಟಲಿ. ಲ್ಯಾಂಪು ಹತ್ತಿತೆಂದ ಕೂಡಲೇ ಅಂಗಡಿಗೆ ಓಡಬೇಡಿ. ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಚಕ್ರಕ್ಕೆ ಕಲ್ಲು ಕೊಡಿ. ಬೀಡಿ ಸೇದುವವರು ಸೇದಿ ಮುಗಿಸಿ ಬನ್ನಿ. ಹತ್ತು ಹದಿನೈದು ನಿಮಿಷ ಬಿಟ್ಟರೆ ನೀರು ತಳ ಸೇರುತ್ತದೆ. ಆಮೇಲೆ ಬೌಲಿನ ಕೆಳಗಿನ ಡ್ರೈನ್ ತಿರುಪನ್ನು ಕೈಯಲ್ಲೇ ಸಡಿಲಿಸಿ, ಬರುವುದನ್ನು ಪಾರದರ್ಶಕ ಬಾಟಲಿಗೆ ಹಿಡಿಯಿರಿ. ಕೆಲವು ಗಾಡಿಗಳಲ್ಲಿ ಡ್ರೈನ್ ತೆಗೆದರೂ ಹನಿಯೂ ಇಳಿಯುವುದಿಲ್ಲ. ಆಗ ಮೇಲಿನ ಗಾಳಿ ತಿರುಪನ್ನೂ ಸ್ವಲ್ಪ ಬಿಡಬೇಕು. ಬರಿಯ ಡೀಸೆಲ್ ಬರತೊಡಗಿದಾಗ ಮುಚ್ಚಿ. ಪಕ್ಕಡಿನಿಂದ ಬಿಗಿಯಬೇಡಿ, ಪ್ಲಾಸ್ಟಿಕ್ ತಿರುಪು ಬಿರಿಯುತ್ತದೆ. ಆ ಬಿರುಕಿನಿಂದ ಗಾಳಿ ಎಳೆದುಕೊಂಡು ಗಾಡಿ ಬೆಳಗ್ಗೆ ಸ್ಟಾರ್ಟ್ ಆಗದೆ ಇನ್ನೊಂದು ತಲೆನೋವು ಶುರುವಾಗುತ್ತದೆ. ಹ್ಯಾಂಡ್ ಪಂಪ್ ಗಟ್ಟಿಯಾಗುವತನಕ ಒತ್ತಿ, ಆಮೇಲೆ ಸೆಲ್ಫ್ ಹೊಡೆಯಿರಿ.

ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ. ಕೆಳಗೆ ನೀರು, ಮೇಲೆ ಹೊಂಬಣ್ಣದ ಡೀಸೆಲ್, ನಡುವೆ ಗೆರೆ ಎಳೆದಂತಿದ್ದರೆ ಲ್ಯಾಂಪು ನಿಜ ಹೇಳಿದೆ. ಪೂರ್ತಿ ಡೀಸೆಲ್ಲೇ ಬಂದು, ಲ್ಯಾಂಪು ಇನ್ನೂ ಉರಿಯುತ್ತಿದ್ದರೆ ದೋಷ ವೈರಿನಲ್ಲೋ ಸೆನ್ಸರಿನಲ್ಲೋ ಇದೆ. ಟ್ಯಾಂಕ್ ಇಳಿಸುವ ಕೆಲಸವೇ ಬೇಡ. ಮಜ್ಜಿಗೆಯ ಬಣ್ಣಕ್ಕೆ ಕದಡಿ, ಗಂಟೆ ಕಳೆದರೂ ತಿಳಿಯಾಗದಿದ್ದರೆ ನೀರು ಡೀಸೆಲ್ ಜತೆ ಬೆರೆತುಹೋಗಿದೆ, ಅದನ್ನು ಯಾವ ಸಪರೇಟರೂ ಪೂರ್ತಿ ತಡೆಯಲಾರದು. ಕಪ್ಪು ಲೋಳೆ ಬಂದರೆ ಟ್ಯಾಂಕಿನಲ್ಲಿ ನೀರು ಬಹಳ ದಿನದಿಂದ ನಿಂತಿದೆ ಎಂದು ಅರ್ಥ. ನೀರು ಮತ್ತು ಡೀಸೆಲ್ ಕೂಡುವ ಗಡಿಯಲ್ಲಿ ಬೂಷ್ಟು, ಬ್ಯಾಕ್ಟೀರಿಯಾ ಬೆಳೆಯುತ್ತವೆ, ಡೀಸೆಲ್ಲನ್ನೇ ತಿಂದು ಆಮ್ಲ ಉಗುಳುತ್ತವೆ. ಬೇಸಿಗೆ ರಜೆಯಲ್ಲಿ ನಿಂತ ಶಾಲಾ ಬಸ್ಸು, ಕೊಯ್ಲು ಮುಗಿಸಿ ಕೊಟ್ಟಿಗೆ ಸೇರಿದ ಹಾರ್ವೆಸ್ಟರ್, ಇಂಥವುಗಳಲ್ಲಿ ಇದು ಹೆಚ್ಚು. ಅಲ್ಲಿ ಫಿಲ್ಟರ್ ಬದಲಾಯಿಸಿ ಪ್ರಯೋಜನವಿಲ್ಲ, ಟ್ಯಾಂಕನ್ನೇ ತೊಳೆಯಬೇಕು.

ಇನ್ನು, ನೀರು ಬರುವುದು ಎಲ್ಲಿಂದ? ಯಾರನ್ನು ಕೇಳಿದರೂ ‘ರಾತ್ರಿ ತಂಪಿಗೆ ಟ್ಯಾಂಕಿನೊಳಗೆ ಬೆವರುತ್ತದೆ’ ಎನ್ನುತ್ತಾರೆ. ಬೆವರುವುದು ನಿಜ, ಲೆಕ್ಕ ಹಾಕಿ ನೋಡೋಣ. 400 ಲೀಟರ್ ಟ್ಯಾಂಕಿನಲ್ಲಿ 100 ಲೀಟರ್ ಡೀಸೆಲ್ ಇದೆ, ಉಳಿದ 300 ಲೀಟರ್ ಗಾಳಿ. 30 ಡಿಗ್ರಿಯಲ್ಲಿ ಆ ಗಾಳಿ ತೇವದಿಂದ ಪೂರ್ತಿ ತುಂಬಿದೆ ಎಂದೇ ಇಟ್ಟುಕೊಳ್ಳಿ. ರಾತ್ರಿ 20 ಡಿಗ್ರಿಗೆ ಇಳಿದರೆ ಹನಿಗಟ್ಟುವ ನೀರು ಹೆಚ್ಚೆಂದರೆ ನಾಲ್ಕು ಮಿಲಿಲೀಟರ್, ಒಂದು ಚಮಚಕ್ಕೂ ಕಡಿಮೆ. ತಿಂಗಳಾನುಗಟ್ಟಲೆ ಅರ್ಧ ಟ್ಯಾಂಕಿನಲ್ಲಿ ನಿಂತ ಗಾಡಿಗೆ ಇದು ದೊಡ್ಡ ವಿಷಯ. ದಿನವೂ ಓಡುವ ಲಾರಿಯ ಬೌಲಿನಲ್ಲಿ ದಿನವೂ ಲೋಟದಷ್ಟು ನೀರು ಸಿಕ್ಕರೆ ಅದು ಬೆವರಿದ್ದಲ್ಲ. ಡೀಸೆಲ್ ಜತೆಗೇ ಒಂದಿಷ್ಟು ನೀರು ಬರುತ್ತದೆ. ಮಾನದಂಡದ ಪ್ರಕಾರವೇ ಒಂದು ಕೆಜಿ ಡೀಸೆಲ್‌ನಲ್ಲಿ 200 ಮಿಲಿಗ್ರಾಂವರೆಗೆ ಇರಬಹುದು. 300 ಲೀಟರ್ ಹಾಕಿಸಿದರೆ ಅದು 50 ಮಿಲಿಲೀಟರಿನಷ್ಟಾಯಿತು. ಅದರಲ್ಲಿ ಬಹುಭಾಗ ಡೀಸೆಲ್‌ನಲ್ಲೇ ಕರಗಿ ಎಂಜಿನ್ ದಾಟಿಹೋಗುತ್ತದೆ, ಸ್ವಲ್ಪ ಬೌಲ್ ಸೇರುತ್ತದೆ. ಆದ್ದರಿಂದ ಯಾವಾಗಲೋ ಒಮ್ಮೆ ಲ್ಯಾಂಪು ಹತ್ತಿ, ಬೌಲ್ ಖಾಲಿ ಮಾಡಿದ ಮೇಲೆ ವಾರಗಟ್ಟಲೆ ಸುಮ್ಮನಿದ್ದರೆ ಗಾಬರಿ ಬೇಡ, ಸಪರೇಟರ್ ತನ್ನ ಕೆಲಸ ಮಾಡಿದೆ. ಖಾಲಿ ಮಾಡಿದ ದಿನವೇ ಮತ್ತೆ ಹತ್ತಿ, ಮತ್ತೆ ನೀರೇ ಬಂದರೆ ಮಾತ್ರ ನೀರು ಹೊಗುವ ಬಾಗಿಲೊಂದು ತೆರೆದಿದೆ.

ಆ ಬಾಗಿಲು ಬಹಳ ಸಲ ಟ್ಯಾಂಕಿನ ಮುಚ್ಚಳ. ಘಟ್ಟದ ಮೇಲಿನಿಂದ ಬಂದ ಒಂದು ಲಾರಿಯಲ್ಲಿ ನೋಡಿದ್ದನ್ನು ಹೇಳುತ್ತೇನೆ. ಬೌಲ್ ಖಾಲಿ ಮಾಡಿದರೆ ನೀರು, ಮರುದಿನ ಮತ್ತೆ ನೀರು. ಮುಚ್ಚಳ ತಿರುಗಿಸಿ ತೆಗೆದರೆ ಒಳಗಿನ ರಬ್ಬರ್ ವಾಷರ್ ಒಣಗಿ ಸೀಳಿತ್ತು, ಅದರ ಕೊರತೆ ತುಂಬಲು ಪ್ಲಾಸ್ಟಿಕ್ ಹಾಳೆ ಮಡಚಿ ಇಟ್ಟಿದ್ದರು. ಮುಚ್ಚಳದ ಮೇಲ್ಭಾಗ ತಗ್ಗು, ಮಳೆ ಬಂದರೆ ಅಲ್ಲಿ ನೀರು ನಿಲ್ಲುತ್ತದೆ. ಎಂಜಿನ್ ಡೀಸೆಲ್ ಎಳೆದಂತೆ ಟ್ಯಾಂಕ್ ಗಾಳಿ ಎಳೆಯುತ್ತದೆ, ಗಾಳಿಯ ಜತೆ ನಿಂತ ನೀರೂ ಒಳಗೆ. ವಾಷರ್ ಹೊಸದು ಹಾಕಿ, ಟ್ಯಾಂಕಿನ ತಳದ ಬೋಲ್ಟ್ ಬಿಚ್ಚಿ ನೀರು ತೆಗೆದು ಕಳಿಸಿದ್ದಾಯಿತು. ವಾರ ಕಳೆಯುವುದರೊಳಗೆ ಗಾಡಿ ಮರಳಿ ಬಂತು, ಲ್ಯಾಂಪು ಹತ್ತಿದೆ ಎಂದು. ಈ ಸಲ ಬಾಟಲಿಯಲ್ಲಿ ನೀರಿನ ಸುಳಿವೇ ಇರಲಿಲ್ಲ. ಸೆನ್ಸರಿನ ಕನೆಕ್ಟರ್ ಬಿಚ್ಚಿದರೆ ಪಿನ್ನುಗಳ ಮೇಲೆ ಹಸಿರು ಕಿಲುಬು, ಹಿಂದಿನ ರಬ್ಬರ್ ಸೀಲ್ ಮಾಯ. ಎರಡು ಬೇರೆ ಬೇರೆ ದೋಷ, ತೋರಿಸುವ ಲ್ಯಾಂಪು ಒಂದೇ. ಎರಡನೇ ಸಲವೂ ಬಾಟಲಿ ನೋಡದಿದ್ದರೆ ಟ್ಯಾಂಕ್ ಸರಿಯಾಗಿ ಕ್ಲೀನ್ ಆಗಿಲ್ಲವೆಂದು ಮತ್ತೆ ಟ್ಯಾಂಕನ್ನೇ ಇಳಿಸುತ್ತಿದ್ದರು. ಒಮ್ಮೆ ನೀರು ಸಿಕ್ಕಿತೆಂದು ಪ್ರತಿ ಸಲವೂ ನೀರೇ ಇರಬೇಕೆಂದಿಲ್ಲ. ಪ್ರತಿ ಸಲ ನೋಡಲೇಬೇಕು.

ಘಾಟಿಯಲ್ಲಿ ಮಾತ್ರ ಹತ್ತಿ, ಬಯಲಿಗೆ ಬಂದರೆ ಆರುವ ಲ್ಯಾಂಪಿನ ಬಗ್ಗೆಯೂ ಒಂದು ಮಾತು. ಡೀಸೆಲ್ ಎಳೆಯುವ ಕೊಳವೆ ಟ್ಯಾಂಕಿನ ತಳ ಮುಟ್ಟುವುದಿಲ್ಲ, ಸ್ವಲ್ಪ ಮೇಲೆ ನಿಂತಿರುತ್ತದೆ. ಅದರ ಕೆಳಗೆ ಒಂದೆರಡು ಲೀಟರ್ ನೀರಿದ್ದರೂ ಬಯಲು ರಸ್ತೆಯಲ್ಲಿ ಗೊತ್ತಾಗುವುದಿಲ್ಲ. ಚಾರ್ಮಾಡಿಯ ತಿರುವಿನಲ್ಲಿ ಗಾಡಿ ವಾಲಿದಾಗ, ಏರಿನಲ್ಲಿ ನೀರೆಲ್ಲ ಒಂದು ಮೂಲೆಗೆ ಸರಿದಾಗ ಕೊಳವೆಯ ಬಾಯಿಗೆ ಸಿಗುತ್ತದೆ. ಬೌಲಿನಲ್ಲೂ ಹಾಗೆಯೇ, ಅರ್ಧ ತುಂಬಿದ ನೀರು ಏರಿನಲ್ಲಿ ವಾಲಿ ಕಡ್ಡಿಗೆ ತಾಗುತ್ತದೆ. ಆದ್ದರಿಂದ ಘಾಟಿಯ ಲ್ಯಾಂಪನ್ನು ಸುಳ್ಳೆಂದು ತಳ್ಳಿಹಾಕುವಂತಿಲ್ಲ. ನೀರು ಇನ್ನೂ ಕಡಿಮೆ ಇರುವಾಗಲೇ ಬಂದ ಎಚ್ಚರಿಕೆ ಅದು. ಬಂಕ್‌ನವರು ತಮ್ಮ ಟ್ಯಾಂಕ್ ನೋಡಲು ಬಳಸುವ ವಾಟರ್ ಪೇಸ್ಟ್ ಇದೆ, ನೀರು ತಾಗಿದಷ್ಟು ಉದ್ದಕ್ಕೆ ಬಣ್ಣ ಬದಲಿಸುತ್ತದೆ. ಅದನ್ನು ಒಂದು ಕಡ್ಡಿಯ ತುದಿಗೆ ಬಳಿದು ನಮ್ಮ ಟ್ಯಾಂಕಿನ ತಳಕ್ಕೂ ಇಳಿಸಿ ನೋಡಬಹುದು. ಟ್ಯಾಂಕ್ ಇಳಿಸಬೇಕೋ ಬೇಡವೋ ಎಂಬುದು ಐದು ನಿಮಿಷದಲ್ಲಿ ತೀರ್ಮಾನವಾಗುತ್ತದೆ.

ಬಂಕ್ ವಿಷಯ ಬಂತು. 2025ರ ಜೂನ್‌ನಲ್ಲಿ ಮಧ್ಯಪ್ರದೇಶದ ರತ್ಲಾಮ್ ಬಳಿ ಆ ರಾಜ್ಯದ ಮುಖ್ಯಮಂತ್ರಿಗಳ ಬೆಂಗಾವಲಿನ 19 ವಾಹನಗಳು ಡೀಸೆಲ್ ಹಾಕಿಸಿಕೊಂಡ ಸ್ವಲ್ಪ ಹೊತ್ತಿಗೇ ಒಂದೊಂದಾಗಿ ನಿಂತುಹೋದವು. ಟ್ಯಾಂಕ್ ಬಿಚ್ಚಿ ನೋಡಿದರೆ ಡೀಸೆಲ್ ಜತೆ ನೀರು. ಮಳೆನೀರು ನೆಲದೊಳಗಿನ ಟ್ಯಾಂಕಿಗೆ ಸೋರಿತ್ತೆಂದು ಆಗ ಹೇಳಲಾಯಿತು, ಅಧಿಕಾರಿಗಳು ಬಂಕ್ ಮುಚ್ಚಿಸಿದರು. ಅಷ್ಟು ದೊಡ್ಡವರ ಗಾಡಿಗೇ ಹೀಗಾದರೆ ನಮ್ಮ ಲಾರಿಯವನ ಪಾಡು ಹೇಳಬೇಕಿಲ್ಲ. ಮಳೆಗಾಲದಲ್ಲಿ ನೀರು ನಿಂತ ಅಂಗಳದ ಬಂಕುಗಳಲ್ಲಿ ಡೀಸೆಲ್ ಹಾಕಿಸುವಾಗ ಎಚ್ಚರವಿರಲಿ. ಟ್ಯಾಂಕರ್ ಲಾರಿ ಬಂದು ಡೀಸೆಲ್ ಇಳಿಸುತ್ತಿದ್ದರೆ ಆ ಹೊತ್ತಿಗೆ ಹಾಕಿಸಬೇಡಿ. ತಳದ ನೀರು, ಕಸವೆಲ್ಲ ಕದಡಿ ಮೇಲೆ ಬಂದಿರುತ್ತದೆ. ಡೀಸೆಲ್ ಹಾಕಿಸಿದ ಕೂಡಲೇ ಲ್ಯಾಂಪು ಹತ್ತಿ ಬೌಲ್ ತುಂಬ ನೀರು ಸಿಕ್ಕರೆ, ಆ ಬಾಟಲಿಯನ್ನು ಚೆಲ್ಲಬೇಡಿ. ಮುಚ್ಚಳ ಬಿಗಿದು, ಬಿಲ್ಲಿನ ಜತೆ ಇಟ್ಟುಕೊಳ್ಳಿ, ದೂರು ಕೊಡಲು ಅದೇ ಸಾಕ್ಷಿ. ಅಗ್ಗಕ್ಕೆ ಸಿಗುತ್ತದೆಂದು ಕ್ಯಾನಿನಲ್ಲಿ, ಬಯೋಡೀಸೆಲ್ ಎಂಬ ಹೆಸರಿನಲ್ಲಿ ಮಾರುವ ಮಾಲನ್ನಂತೂ ಮುಟ್ಟಲೇಬೇಡಿ. ಅಸಲಿ ಬಯೋಡೀಸೆಲ್ ಕೂಡ ಡೀಸೆಲ್‌ಗಿಂತ ಎಷ್ಟೋ ಪಟ್ಟು ಹೆಚ್ಚು ನೀರನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ. ನಕಲಿಯದರಲ್ಲಿ ಏನಿರುತ್ತದೋ ಮಾರುವವನೇ ಬಲ್ಲ.

ಕಾಫಿ ತೋಟದವರು, ಜಲ್ಲಿ ಕ್ರಷರಿನವರು ಬ್ಯಾರಲ್‌ನಲ್ಲಿ ಡೀಸೆಲ್ ಇಡುತ್ತಾರೆ. ಬ್ಯಾರಲ್ ನೆಟ್ಟಗೆ ನಿಲ್ಲಿಸಿದರೆ ಅಂಚಿನೊಳಗೆ ಮಳೆನೀರು ನಿಲ್ಲುತ್ತದೆ. ಬಿಸಿಲಿಗೆ ಕಾದ ಬ್ಯಾರಲ್ ಮಳೆಗೆ ತಣ್ಣಗಾದಾಗ ಮುಚ್ಚಳದ ಸಂದಿನಿಂದ ಆ ನೀರನ್ನು ಒಳಗೆ ಹೀರಿಕೊಳ್ಳುತ್ತದೆ. ಬ್ಯಾರಲ್ಲನ್ನು ಸೂರಿನಡಿ ಇಡಿ, ಇಲ್ಲವೇ ಅಡ್ಡ ಮಲಗಿಸಿ, ಎರಡೂ ಮುಚ್ಚಳ ಡೀಸೆಲ್ ಮಟ್ಟಕ್ಕಿಂತ ಕೆಳಗೆ ಬರುವಂತೆ. ಪಂಪಿನ ಪೈಪನ್ನು ತಳಕ್ಕೆ ತಾಗಿಸದೆ ನಾಲ್ಕು ಬೆರಳು ಮೇಲೆ ನಿಲ್ಲಿಸಿ.

ಬಿಎಸ್ 6 ಗಾಡಿಗಳಲ್ಲಿ ಇನ್ನೊಂದು ಅಪಾಯ ಸೇರಿಕೊಂಡಿದೆ, ಡಿಇಎಫ್. ಹೊಗೆ ಶುದ್ಧ ಮಾಡಲು ಹಾಕುವ ಈ ದ್ರವದಲ್ಲಿ ನೂರಕ್ಕೆ 32.5 ಭಾಗ ಯೂರಿಯಾ, ಮಿಕ್ಕಿದ್ದು ನೀರು. ಅದರ ಟ್ಯಾಂಕಿಗೆ ನೀಲಿ ಮುಚ್ಚಳ. ರಾತ್ರಿ ಹೊತ್ತು, ನಿದ್ದೆಗಣ್ಣಿನಲ್ಲಿ ಇದನ್ನು ಡೀಸೆಲ್ ಟ್ಯಾಂಕಿಗೆ ಹುಯ್ದವರಿದ್ದಾರೆ. ಅದು ಡೀಸೆಲ್ ಜತೆ ಬೆರೆಯದೆ ತಳ ಸೇರುತ್ತದೆ, ಲ್ಯಾಂಪು ಹತ್ತುತ್ತದೆ, ಒಣಗಿದಲ್ಲೆಲ್ಲ ಬಿಳಿ ಹರಳು ಕಟ್ಟುತ್ತದೆ. ಹುಯ್ದದ್ದು ಆಗಲೇ ಗೊತ್ತಾದರೆ ಕೀ ಕೂಡ ಆನ್ ಮಾಡಬೇಡಿ. ಹಲವು ಗಾಡಿಗಳಲ್ಲಿ ಕೀ ಆನ್ ಮಾಡಿದರೆ ಸಾಕು, ಫೀಡ್ ಪಂಪ್ ಅದನ್ನು ಮುಂದೆ ತಳ್ಳುತ್ತದೆ. ಟ್ಯಾಂಕನ್ನು ಅಲ್ಲೇ ಖಾಲಿ ಮಾಡಿಸಿ. ಹೇಳಲು ಅಂಜುವ ಕ್ಲೀನರ್ ಹುಡುಗನಿಗೆ ಧೈರ್ಯ ಕೊಡಿ. ಅವನು ಮುಚ್ಚಿಟ್ಟರೆ ಹೋಗುವುದು ಇಂಜೆಕ್ಟರು.

ಬಾಟಲಿಯಲ್ಲಿ ನೀರಿಲ್ಲ, ಲ್ಯಾಂಪು ಆರುತ್ತಿಲ್ಲ ಎನ್ನುವವರಿಗೆ ಈಗ ಬರುತ್ತೇನೆ. ಕೀ ಆನ್ ಮಾಡಿದಾಗ ಹಲವು ಗಾಡಿಗಳಲ್ಲಿ ಈ ಲ್ಯಾಂಪು ಕೆಲವು ಸೆಕೆಂಡು ಉರಿದು ಆರುತ್ತದೆ, ಅದು ತಪಾಸಣೆ. ಅದನ್ನು ದೋಷವೆಂದು ಎಣಿಸಬೇಡಿ. ಆರದೆ ನಿಂತರೆ ಸ್ಕ್ಯಾನರ್ ಹಾಕಿಸಿ, ಆದರೆ ‘ಕೋಡ್ ಬಂದಿದೆ, ಸೆನ್ಸರ್ ಹೋಗಿದೆ’ ಎಂಬ ಮಾತಿಗೆ ತಲೆಯಾಡಿಸಬೇಡಿ. ದೊಡ್ಡ ಲಾರಿಗಳಲ್ಲಿ ಈ ಸೆನ್ಸರಿನ ಸಂಖ್ಯೆ ಎಸ್‌ಪಿಎನ್ 97. ಅದರ ಜತೆ ಎಫ್‌ಎಂಐ ಎಂಬ ಇನ್ನೊಂದು ಅಂಕಿ ಇರುತ್ತದೆ. ಅದು 3 ಅಥವಾ 4 ಎಂದಿದ್ದರೆ ವೋಲ್ಟೇಜ್ ಏರುಪೇರು, ಅಂದರೆ ವೈರು ತುಂಡಾಗಿದೆ ಇಲ್ಲವೇ ಎಲ್ಲೋ ತಾಗುತ್ತಿದೆ. 15, 16 ಇದ್ದರೆ ಸೆನ್ಸರ್ ನೀರನ್ನೇ ಹೇಳುತ್ತಿದೆ. ಚಿಕ್ಕ ಗಾಡಿಗಳಲ್ಲಿ ಪಿ2264 ಎಂದರೆ ಸರ್ಕ್ಯೂಟಿನ ದೋಷ, ಪಿ2269 ಎಂದರೆ ನೀರು. ಈ ಒಂದು ಅಂಕಿ ಕೇಳಿ ತಿಳಿದುಕೊಂಡರೆ ಅರ್ಧ ಕೆಲಸ ಮುಗಿಯಿತು.

ಸೆನ್ಸರನ್ನು ಬೌಲಿನಿಂದ ಬಿಚ್ಚಿ, ಬಟ್ಟೆಯಿಂದ ಒರೆಸಿ, ಕನೆಕ್ಟರ್ ಹಾಕಿದಂತೆಯೇ ಕೀ ಆನ್ ಮಾಡಿ. ಒಣಗಿದ ಸೆನ್ಸರಿಗೆ ಲ್ಯಾಂಪು ಆರಬೇಕು. ಶುದ್ಧ ಡೀಸೆಲ್‌ನಲ್ಲಿ ಅದ್ದಿದರೂ ಆರಿರಬೇಕು. ನಲ್ಲಿ ನೀರಿನಲ್ಲಿ ಅದ್ದಿ ಸ್ವಲ್ಪ ತಾಳಿ, ಹತ್ತಬೇಕು. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿನಲ್ಲಿ ಅದ್ದಬೇಡಿ. ಅದರಲ್ಲಿ ಕರೆಂಟ್ ಸರಿಯಾಗಿ ಹರಿಯದೆ ಒಳ್ಳೆಯ ಸೆನ್ಸರೂ ಕೆಟ್ಟದ್ದೆಂದು ಕಾಣುತ್ತದೆ. ಮೂರೂ ಸರಿಯಾಗಿ ಬಂದರೆ ಸೆನ್ಸರ್ ಚೆನ್ನಾಗಿದೆ, ಕಡ್ಡಿಗೆ ಅಂಟಿದ್ದ ಲೋಳೆಯೇ ಕಾರಣ. ಒಣಗಿದ ಮೇಲೂ ಲ್ಯಾಂಪು ಆರದಿದ್ದರೆ ಕೀ ಆಫ್ ಮಾಡಿ ಕನೆಕ್ಟರ್ ಬಿಚ್ಚಿ ನೋಡಿ. ಕಿಲುಬು, ತೇವ, ಕೆಲವೊಮ್ಮೆ ಸೆನ್ಸರಿನ ಒಳಗಿನಿಂದಲೇ ಜಿನುಗಿದ ಡೀಸೆಲ್. ಅಲ್ಲಿಂದ ವೈರನ್ನು ಚಾಸಿಯುದ್ದಕ್ಕೂ ಕೈಯಲ್ಲೇ ಹಿಡಿದು ಹೋಗಿ. ಕ್ಲ್ಯಾಂಪಿನ ಬಳಿ, ಬ್ಯಾಟರಿ ಪೆಟ್ಟಿಗೆಯ ಹಿಂದೆ, ವೈರು ಲೋಹಕ್ಕೆ ಉಜ್ಜಿ ಸವೆದ ಜಾಗ ಸಿಗುತ್ತದೆ. ಪ್ರೆಶರ್ ವಾಷ್ ಮಾಡಿಸಿದ ಮರುದಿನ ಹತ್ತಿದ ಲ್ಯಾಂಪಾದರೆ ಕನೆಕ್ಟರಿನಿಂದಲೇ ಶುರು ಮಾಡಿ. ಹೊಸ ಸೆನ್ಸರ್ ತರಲೇಬೇಕಾದರೆ ಪಾರ್ಟ್ ನಂಬರ್ ನೋಡಿ ತನ್ನಿ; ಹಲವು ಸೆನ್ಸರುಗಳ ಒಳಗೆ ರೆಸಿಸ್ಟರ್ ಇರುತ್ತದೆ. ಅದು ಹೊಂದದಿದ್ದರೆ ಹೊಸ ಸೆನ್ಸರಿಗೂ ಲ್ಯಾಂಪು ಆರುವುದಿಲ್ಲ.

ನೀರು ಕರಗಿಸುತ್ತದೆಂದು ಟ್ಯಾಂಕಿಗೆ ಹಾಕುವ ಔಷಧಿಗಳ ಬಗ್ಗೆ ಕೇಳುತ್ತಾರೆ. ಲ್ಯಾಂಪು ಆರುವುದು ನಿಜ. ಆದರೆ ಸಪರೇಟರಿನಲ್ಲಿ ನಿಲ್ಲಬೇಕಾದ ನೀರು ಸಣ್ಣ ಹನಿಗಳಾಗಿ ಡೀಸೆಲ್ ಜತೆ ಸೇರಿ ಇಂಜೆಕ್ಟರಿಗೆ ಹೋಗುತ್ತದೆ. ಕಾಮನ್ ರೈಲ್ ಗಾಡಿಗೆ ಅದು ಬೇಡವೆಂದೇ ನನ್ನ ಖಚಿತ ಅಭಿಪ್ರಾಯ. ಅರ್ಧ ಬೆಲೆಯ ನಕಲಿ ಫಿಲ್ಟರೂ ಬೇಡ. ಅಸಲಿ ಫಿಲ್ಟರಿನ ಕಾಗದಕ್ಕೆ ನೀರು ತಡೆಯುವ ಲೇಪ ಇರುತ್ತದೆ. ಅದಿಲ್ಲದ ಕಾಗದ ಕಸ ಹಿಡಿದರೂ ನೀರನ್ನು ಬಿಟ್ಟುಕೊಡುತ್ತದೆ. ಆಗ ಬೌಲಿನಲ್ಲಿ ನೀರಿಲ್ಲ, ಲ್ಯಾಂಪೂ ಹತ್ತುವುದಿಲ್ಲ, ಪಂಪು ಮಾತ್ರ ಒಳಗೊಳಗೇ ಸವೆಯುತ್ತಿರುತ್ತದೆ.

ಕೊನೆಯದಾಗಿ ಲಾರಿ ಮಾಲೀಕರಲ್ಲಿ ಒಂದು ಮನವಿ. ಲ್ಯಾಂಪು ಹತ್ತಿದ್ದನ್ನು ಮೊದಲು ಕಾಣುವವನು ಡ್ರೈವರ್. ಗಾಡಿ ನಿಲ್ಲಿಸಬೇಕೆಂದು ಅವನಿಗೂ ಗೊತ್ತು, ಆದರೆ ಲೋಡ್ ತಡವಾದರೆ ನೀವು ಬೈಯುತ್ತೀರಿ, ಬಾಟಾ ಹಿಡಿಯುತ್ತೀರಿ ಎಂಬ ಭಯಕ್ಕೆ ಅವನು ಮುಂದಿನ ಊರಿನವರೆಗೆ ಓಡಿಸುತ್ತಾನೆ. ಪಂಪು ಹೋಗುವುದು ಆ ದಾರಿಯಲ್ಲೇ. ಪ್ರತಿ ಗಾಡಿಯಲ್ಲೂ ಒಂದು ಖಾಲಿ ಬಾಟಲಿ, ಮುಚ್ಚಳದ ಒಂದು ಹೆಚ್ಚುವರಿ ವಾಷರ್, ಒಂದು ಅಸಲಿ ಪ್ರೀ ಫಿಲ್ಟರ್ ಇಟ್ಟುಕೊಡಿ. ಬೌಲ್ ಖಾಲಿ ಮಾಡುವುದನ್ನು ಡ್ರೈವರಿಗೂ ಕ್ಲೀನರಿಗೂ ಒಮ್ಮೆ ಎದುರಿಗೆ ನಿಂತು ಕಲಿಸಿ. ಡ್ರೈವರ್ ರಾತ್ರಿ ಹನ್ನೆರಡಕ್ಕೆ ಫೋನ್ ಮಾಡಿ ನೀರಿನ ಲ್ಯಾಂಪು ಹತ್ತಿದೆ ಎಂದರೆ, ಗಾಡಿ ಬದಿಗೆ ಹಾಕು, ನೋಡಿ ಹೇಳು, ಲೋಡ್ ತಡವಾದರೆ ನಾನು ಮಾತಾಡುತ್ತೇನೆ ಎಂದು ಹೇಳಿ.